ಖ್ಯಾಲ್ ಗಾಯನದ ಪರಿಭಾಷೆ: ನವಲಗುಂದ–ಕುಂದಗೋಳ ಸೀಮೆಯ ಶ್ರೋತೃಗಳಿಗೆ

ಹಿಂದೂಸ್ತಾನಿ ಗಾಯನದ ಚರಿತ್ರೆಯನ್ನು ಬರೆಯಹೊರಟವನು ದಿಲ್ಲಿ, ಗ್ವಾಲಿಯರ, ಜಯಪುರಗಳ ದರಬಾರುಗಳನ್ನೆಲ್ಲ ಹಾಯ್ದು ಬಂದ ಮೇಲೆ ಧಾರವಾಡ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ ಅನಿವಾರ್ಯವಾಗಿ ತಂಗಬೇಕಾಗುತ್ತದೆ. ಆ ಊರು ಕುಂದಗೋಳ. ಹುಬ್ಬಳ್ಳಿಯಿಂದ ದಕ್ಷಿಣಕ್ಕೆ ಸಾಗುವ ರೈಲುದಾರಿಯ ಮೇಲಿರುವ, ಸಂಸ್ಥಾನಗಳ ಕಾಲದಲ್ಲಿ ಜಮಖಂಡಿಯ ಆಳಿಕೆಗೆ ಒಳಪಟ್ಟಿದ್ದ ಈ ಊರಿನಲ್ಲಿ 1886ರಲ್ಲಿ ಜನಿಸಿದ ರಾಮಭಾವು ಕುಂದಗೋಳಕರರು ಮುಂದೆ ಸವಾಯಿ ಗಂಧರ್ವರೆಂಬ ಅಭಿಧಾನದಿಂದ ಲೋಕವಿಖ್ಯಾತರಾದರು; ಕಿರಾಣಾ ಘರಾಣೆಯ ಅಬ್ದುಲ್ ಕರೀಮ್ ಖಾನಸಾಹೇಬರಿಂದ ತಾವು ಪಡೆದ ವಿದ್ಯೆಯನ್ನು ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿ, ಫಿರೋಜ ದಸ್ತೂರ ಮೊದಲಾದ ಶಿಷ್ಯರಿಗೆ ಧಾರೆಯೆರೆದರು. ಇದೇ ಕುಂದಗೋಳ ತಾಲೂಕಿನ ಯಲಿವಾಳದಲ್ಲಿ 1920ರಲ್ಲಿ ಬಸವರಾಜ ರಾಜಗುರುಗಳು ಹುಟ್ಟಿದರು. ಧಾರವಾಡದ ಸನಿಹದ ಮನಸೂರಿನಲ್ಲಿ 1910ರಲ್ಲಿ ಮಲ್ಲಿಕಾರ್ಜುನ ಮನಸೂರರು ಹುಟ್ಟಿದರು. ಇಷ್ಟು ಚಿಕ್ಕ ವಲಯದಲ್ಲಿ ಇಂಥ ಕಂಠಗಳು ಇಷ್ಟು ಒಟ್ಟೊಟ್ಟಿಗೆ ಮೂಡಿದುದು ನಮ್ಮ ನಾಡಿನ ಸಾಂಸ್ಕೃತಿಕ ಇತಿಹಾಸದಲ್ಲಿ ಒಂದು ಪರಮಾಶ್ಚರ್ಯವೇ ಸರಿ.

ಆದರೂ ಇದೇ ಸೀಮೆಯ ಒಬ್ಬ ಒಕ್ಕಲಿಗನನ್ನೋ ಶಾಲಾಮಾಸ್ತರನನ್ನೋ ಹಿಂದೂಸ್ತಾನಿ ಗಾಯನದ ಮುಖ್ಯ ಪ್ರಕಾರವಾದ ಖ್ಯಾಲಿನ ಬೈಠಕ್ಕಿಗೆ ಕರೆದರೆ, ‘ಅದು ತಿಳಿದವರಿಗೆರೀ, ನಮಗೇನು ತಿಳೀತದ?’ ಎಂದು ಸಂಕೋಚದಿಂದ ಹಿಂದೆ ಸರಿಯುವುದುಂಟು. ಈ ಸಂಕೋಚವು ನಿಷ್ಕಾರಣವಾದುದು. ಅಮಾವಾಸ್ಯೆಯ ರಾತ್ರಿ ಗುಡಿಯ ಕಟ್ಟೆಯ ಮೇಲೆ ಕುಳಿತು ಶಿಶುನಾಳ ಶರೀಫರ ತತ್ತ್ವಪದಗಳನ್ನು ಬೆಳಗಿನವರೆಗೆ ಹಾಡುವ ಭಜನೆಯವರಿಗೆ ಪೇಟಿಯ ಪಟ್ಟಿ ಗೊತ್ತು, ತಬಲಾ-ಡಗ್ಗಾ ಗೊತ್ತು. ಪಲ್ಲವನ್ನು ಎತ್ತಿಕೊಂಡು ನುಡಿಯನ್ನು ಹಾಡಿ ಮತ್ತೆ ಪಲ್ಲಕ್ಕೆ ಬಂದು ಕೂಡುವ ಸುಖ ಗೊತ್ತು. ತಾಳ ತಪ್ಪಿದವನನ್ನು ಕಣ್ಣಿನಿಂದಲೇ ಎಚ್ಚರಿಸುವ ಕ್ರಮವೂ ಗೊತ್ತು. ಶ್ರೀಕೃಷ್ಣಪಾರಿಜಾತದ ಹಾಡುಗಳನ್ನು ಕೇಳಿ ಬೆಳೆದ ಕಿವಿಗೆ ರಾಗದ ಪರಿಚಯವು ಅರಿಯದೆಯೇ ಆಗಿರುತ್ತದೆ. ಬೈಠಕ್ಕುಗಳಿಗೆ ಹಾಸುವ ಜಮಖಾನೆಗಾಗಿ, ಭೌಗೋಳಿಕ ಗುರುತಿನ ಮನ್ನಣೆ ಪಡೆದಿರುವ ಜಮಖಾನೆಗಾಗಿ, ಹೆಸರಾದ ಊರು ನವಲಗುಂದ. ಅದರ ಮೇಲೆ ಕುಳಿತು ಕೇಳುವ ಅಧಿಕಾರವು ನವಲಗುಂದದವರಿಗೆ ಇಲ್ಲದೆ ಮತ್ತಾರಿಗಿದೆ? ಕಿವಿಯ ಸಂಸ್ಕಾರವು ಸಿದ್ಧವಾಗಿಯೇ ಇದೆ. ಕೊರತೆ ಏನಾದರೂ ಇದ್ದರೆ ಅದು ಕೆಲವು ಹೆಸರುಗಳದು.

ಈ ಹೆಸರುಗಳನ್ನು ನಿಘಂಟಿನ ಅಕಾರಾದಿಯಲ್ಲಿ ಕಂಠಪಾಠ ಮಾಡಹೊರಟವನಿಗೆ ಅವು ಎಂದಿಗೂ ಒಲಿಯಲಾರವು. ಬೈಠಕ್ಕಿನಲ್ಲಿ ಅವುಗಳ ವಿಷಯವು ಯಾವ ಅನುಕ್ರಮದಲ್ಲಿ ಕಿವಿಗೆ ಬೀಳುವುದೋ ಅದೇ ಅನುಕ್ರಮದಲ್ಲಿ, ಕೇಳುತ್ತ ಕೇಳುತ್ತಲೇ ಅವುಗಳನ್ನು ಕಲಿಯತಕ್ಕದ್ದು. ಅದಕ್ಕೆ ಅನುಕೂಲವಾಗಲೆಂದೇ ಈ ಲೇಖನ.

ಬೈಠಕ್ಕಿನಲ್ಲಿ ಮೊದಲು ಕೇಳಿಬರುವುದು ಗಾಯಕನ ಕಂಠವಲ್ಲ, ತಂಬೂರಿ. ಅದರ ನಾಲ್ಕು ತಂತಿಗಳಲ್ಲಿ ಮೊದಲನೆಯದನ್ನು ಸಾಮಾನ್ಯವಾಗಿ ಮಂದ್ರ ಪಂಚಮಕ್ಕೂ, ನಡುವಿನ ಜೋಡಿಯನ್ನು ಮಧ್ಯ ಷಡ್ಜಕ್ಕೂ, ಕಡೆಯದನ್ನು ‘ಖರಜ’ವೆನಿಸುವ ಮಂದ್ರ ಷಡ್ಜಕ್ಕೂ ಕೂಡಿಸುವರು, ಪಂಚಮವೇ ಇಲ್ಲದ ರಾಗವನ್ನು ಹಾಡುವುದಿದ್ದರೆ ಮೊದಲ ತಂತಿಯನ್ನು ಮಧ್ಯಮಕ್ಕೋ ನಿಷಾದಕ್ಕೋ ಬದಲಿಸುವರು. ಕುದುರೆಯ ಮೇಲೆ, ತಂತಿಯ ಕೆಳಗೆ, ಒಂದು ಎಳೆ ದಾರವನ್ನು ಸೇರಿಸಿ ಅದನ್ನು ಕೂದಲೆಳೆಯಷ್ಟು ಹಿಂದುಮುಂದು ಸರಿಸಿದಾಗ, ಸಪ್ಪೆಯಾಗಿದ್ದ ನಾದವು ಒಮ್ಮೆಗೇ ತುಂಬಿಕೊಂಡು ಝೇಂಕರಿಸುವುದು. ಆ ಝೇಂಕಾರಕ್ಕೆ ‘ಜವಾರಿ’ ಎಂದು ಹೆಸರು. ತಂಬೂರಿ ಚೆನ್ನಾಗಿ ಕೂಡಿದಾಗ ಯಾವ ತಂತಿಯೂ ನುಡಿಯದ ಗಾಂಧಾರವು ನಾದದೊಳಗಿನಿಂದ ತಾನಾಗಿಯೇ ಕೇಳಿಬರುತ್ತದೆ. ಶ್ರೋತೃವು ಕಣ್ಣು ಮುಚ್ಚಿ ಅದನ್ನು ಹುಡುಕಬೇಕು. ಆದ್ದರಿಂದ ತಂಬೂರಿ ಕೂಡಿಸಲು ಬಹಳ ಹೊತ್ತು ಹಿಡಿಯಿತೆಂದು ಬೇಸರಪಟ್ಟು ಮಾತಿಗೆ ತೊಡಗುವವರು ಬೈಠಕ್ಕಿನ ಅಸ್ತಿಭಾರವನ್ನೇ ಕಾಣದೆ ಹೋಗುತ್ತಾರೆ. ಗಾಯಕನು ತನ್ನ ಮೊದಲ ಷಡ್ಜವನ್ನು ಈ ನಾದದಲ್ಲಿ ಬೆರೆಸುವುದಕ್ಕೆ ನಮ್ಮ ಕಡೆಯವರು ‘ಸ್ವರ ಹಚ್ಚುವುದು’ ಎನ್ನುತ್ತಾರೆ. ‘ಅವರು ಸ್ವರ ಹಚ್ಚಿದರೆ ಸಾಕು’ ಎಂಬುದು ಧಾರವಾಡ ಸೀಮೆಯ ರಸಿಕನು ಒಬ್ಬ ಗವಾಯಿಗೆ ಕೊಡಬಹುದಾದ ಪರಮೋಚ್ಚ ಪ್ರಶಸ್ತಿ.

ಆ ಷಡ್ಜವನ್ನು ಎಲ್ಲಿ ಹಿಡಿಯಬೇಕೆಂಬುದು ಗಾಯಕನ ಇಚ್ಛೆ. ಪೇಟಿಯ ಮನೆಗಳ ಹೆಸರಿನಿಂದ ‘ಬಿಳಿ ಒಂದು’, ‘ಕಪ್ಪು ಎರಡು’, ‘ಕಪ್ಪು ನಾಲ್ಕು’ ಎಂದು ಅದನ್ನು ಸೂಚಿಸುವರು, ಇದೇ ‘ಪಟ್ಟಿ’. ಗಂಡಸರು ಬಹುಶಃ ಬಿಳಿ ಒಂದು, ಕಪ್ಪು ಒಂದು, ಎರಡರ ಆಸುಪಾಸಿನಲ್ಲಿಯೂ ಹೆಂಗಸರು ಕಪ್ಪು ನಾಲ್ಕು, ಐದರ ಆಸುಪಾಸಿನಲ್ಲಿಯೂ ಹಾಡುವುದು ವಾಡಿಕೆ. ಅಲ್ಲಿಂದ ಕೆಳಗಿನದು ಮಂದ್ರ ಸಪ್ತಕ, ನಡುವಿನದು ಮಧ್ಯ, ಮೇಲಿನದು ತಾರ. ಮೂರನ್ನೂ ಸಮನಾಗಿ ಮುಟ್ಟಬಲ್ಲ ಕಂಠವೇ ಪಳಗಿದ ಕಂಠ.

ಪಾಶ್ಚಾತ್ಯರ ಒಪೇರಾದಲ್ಲಿ ಈ ವ್ಯವಸ್ಥೆ ತೀರ ಬೇರೆ. ಅಲ್ಲಿ ಕಂಠಗಳನ್ನೇ ಜಾತಿಗಳಾಗಿ ವಿಂಗಡಿಸುವರು: ಹೆಂಗಸರಲ್ಲಿ ಎತ್ತರದ ದನಿ ಸೊಪ್ರಾನೋ, ನಡುವಿನದು ಮೆಟ್ಸೋ-ಸೊಪ್ರಾನೋ, ಕೆಳಗಿನದು ಕಾಂಟ್ರಾಲ್ಟೋ, ಗಂಡಸರಲ್ಲಿ ಟೆನರ್, ಬ್ಯಾರಿಟೋನ್, ಬಾಸ್. ರಚನಕಾರನು ಪಾತ್ರವನ್ನು ನಿರ್ದಿಷ್ಟ ಶ್ರುತಿಯಲ್ಲಿ ಬರೆದಿಟ್ಟಿರುತ್ತಾನಾಗಿ ಕಂಠವೇ ಪಾತ್ರಕ್ಕೆ ತಕ್ಕುದಾಗಿರಬೇಕು. ಗಂಗೂಬಾಯಿಯವರ ಜೀವನವನ್ನು ಈ ಹಿನ್ನೆಲೆಯಲ್ಲಿ ನೋಡಿದರೆ ನಮ್ಮ ಪದ್ಧತಿಯ ಔದಾರ್ಯವು ಸ್ಪಷ್ಟವಾಗುತ್ತದೆ. ಎಳೆಯ ಪ್ರಾಯದ ಅವರ ಧ್ವನಿಮುದ್ರಿಕೆಗಳಲ್ಲಿ ಕೇಳುವುದು ತೆಳ್ಳಗಿನ, ಎತ್ತರದ ದನಿ. ಗಂಟಲಿನ ಶಸ್ತ್ರಚಿಕಿತ್ಸೆಯ ತರುವಾಯ ಆ ದನಿ ಇಳಿದು, ಗಂಡುದನಿಯೆಂದು ಅಪರಿಚಿತರು ಭ್ರಮಿಸುವಷ್ಟು ಗಂಭೀರವಾಯಿತು. ಒಪೇರಾದ ಗಾಯಕಿಗೆ ಹೀಗಾಗಿದ್ದರೆ ಆಕೆ ಅದುವರೆಗೆ ಕಲಿತ ಪಾತ್ರಗಳೆಲ್ಲ ಕೈಬಿಟ್ಟುಹೋಗುತ್ತಿದ್ದವು. ಗಂಗೂಬಾಯಿಯವರಾದರೋ ಪಟ್ಟಿಯನ್ನು ಇಳಿಸಿಕೊಂಡು, ಅದೇ ರಾಗಗಳನ್ನು ಅದೇ ಚೀಜುಗಳನ್ನು ಹಾಡುತ್ತ, ಆ ಗಾಂಭೀರ್ಯವನ್ನೇ ತಮ್ಮ ಗಾಯನದ ಲಕ್ಷಣವನ್ನಾಗಿ ಮಾಡಿಕೊಂಡರು.

ಇನ್ನು ರಾಗ. ಸಪ್ತಸ್ವರಗಳಲ್ಲಿ ಷಡ್ಜ-ಪಂಚಮಗಳು ಅಚಲ. ಋಷಭ, ಗಾಂಧಾರ, ಧೈವತ, ನಿಷಾದಗಳು ಇಳಿದಾಗ ‘ಕೋಮಲ’, ಮಧ್ಯಮವು ಏರಿದಾಗ ‘ತೀವ್ರ’, ಸ್ವಸ್ಥಾನದಲ್ಲಿದ್ದಾಗ ‘ಶುದ್ಧ’. ಹೀಗೆ ಹನ್ನೆರಡು. ಏರುವ ಕ್ರಮ ಆರೋಹ, ಇಳಿಯುವ ಕ್ರಮ ಅವರೋಹ. ರಾಗದಲ್ಲಿ ಅರಸನಂತಿರುವ ಸ್ವರ ವಾದಿ, ಅದಕ್ಕೆ ಒತ್ತಾಸೆಯಾದದ್ದು ಸಂವಾದಿ. ಕೇಳಿದೊಡನೆ ರಾಗದ ಗುರುತು ಹತ್ತಿಸುವ ಸ್ವರಗುಚ್ಛವು ‘ಪಕಡ್’. ಇಷ್ಟು ಲಕ್ಷಣಗಳು ಯಾವ ಪಠ್ಯಪುಸ್ತಕದಲ್ಲಾದರೂ ಸಿಕ್ಕುವವು. ಆದರೆ ರಾಗವು ಬರಿಯ ಸ್ವರಗಳ ಪಟ್ಟಿಯಲ್ಲ ಎಂಬ ತಿಳಿವು ಪುಸ್ತಕದಿಂದ ಬರುವಂಥದಲ್ಲ. ಅದಕ್ಕೆ ಕುಂದಗೋಳದ ತಾಲೀಮನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಭೀಮಸೇನರು ಗುರುಗಳ ಸನ್ನಿಧಿಯಲ್ಲಿ ದೀರ್ಘಕಾಲ ಸಾಧಿಸಿದುದು ತೋಡಿ, ಮುಲ್ತಾನಿ, ಪೂರಿಯಾ ಎಂಬ ಮೂರೇ ರಾಗಗಳನ್ನು. ತೋಡಿ, ಮುಲ್ತಾನಿಗಳೆರಡರಲ್ಲಿಯೂ ಸ್ವರಗಳು ಅವೇ: ಕೋಮಲ ಋಷಭ, ಕೋಮಲ ಗಾಂಧಾರ, ತೀವ್ರ ಮಧ್ಯಮ, ಕೋಮಲ ಧೈವತ, ಶುದ್ಧ ನಿಷಾದ. ಹೀಗಿದ್ದರೂ ತೋಡಿಯು ಬೆಳಗಿನ ರಾಗ, ಅದರ ಋಷಭ-ಧೈವತಗಳಲ್ಲಿ ಕರುಣೆಯು ತುಂಬಿ ನಿಲ್ಲುತ್ತದೆ. ಮುಲ್ತಾನಿಯು ಇಳಿಹೊತ್ತಿನ ರಾಗ, ಏರುವಾಗ ಆ ಎರಡು ಸ್ವರಗಳನ್ನು ದಾಟಿಯೇ ಹೋಗುತ್ತದೆ, ಇಳಿಯುವಾಗಲೂ ಅವುಗಳ ಮೇಲೆ ತಂಗುವುದಿಲ್ಲ. ಪೂರಿಯಾದ ಸ್ವರಗಳು ಮಾರವಾ, ಸೋಹನಿ ರಾಗಗಳಿಗೂ ಸಮಾನವೇ. ಆದರೆ ಪೂರಿಯಾ ಮಂದ್ರದಲ್ಲಿ ಬೇರು ಬಿಟ್ಟು ಗಾಂಧಾರ-ನಿಷಾದಗಳನ್ನು ಆಶ್ರಯಿಸಿದರೆ, ಮಾರವಾ ಋಷಭ-ಧೈವತಗಳನ್ನು ಹಿಡಿದು ಷಡ್ಜವನ್ನು ದೂರವಿಡುತ್ತದೆ, ಸೋಹನಿಯು ತಾರ ಸಪ್ತಕದಲ್ಲಿಯೇ ವಿಹರಿಸುತ್ತದೆ. ಸ್ವರ ಒಂದೇ, ನಡೆ ಬೇರೆ. ಆ ನಡೆಗೆ ‘ಚಲನ್’ ಎನ್ನುವರು. ಮನೆಯಲ್ಲಿ ಕುಳಿತು ತೋಡಿಯನ್ನೂ ಮುಲ್ತಾನಿಯನ್ನೂ ಒಂದರ ಬೆನ್ನಿಗೆ ಒಂದನ್ನು ಧ್ವನಿಮುದ್ರಿಕೆಯಲ್ಲಿ ಕೇಳಿದವನಿಗೆ, ಹತ್ತು ಪುಟಗಳ ವಿವರಣೆಯಿಂದ ಬಾರದ ರಾಗಜ್ಞಾನವು ಒಂದೇ ಸಂಜೆಯಲ್ಲಿ ಲಭಿಸೀತು.

ಗಾಯಕನು ಹಾಡುವ ಸಾಹಿತ್ಯರಚನೆಗೆ ‘ಬಂದಿಶ್’ ಎಂದೂ, ನಮ್ಮ ಕಡೆಯ ಹಳಬರ ಬಾಯಲ್ಲಿ ‘ಚೀಜು’ ಎಂದೂ ಹೆಸರು. ಅದರ ಮೊದಲ ಭಾಗ ಸ್ಥಾಯಿ, ಎರಡನೆಯದು ಅಂತರಾ; ಭಜನೆಯ ಪಲ್ಲ-ನುಡಿಗಳನ್ನು ಬಲ್ಲವರಿಗೆ ಇದರ ವಿವರಣೆ ಬೇಕಿಲ್ಲ. ಸ್ಥಾಯಿಯು ಮಂದ್ರ-ಮಧ್ಯಗಳಲ್ಲಿ ಸಂಚರಿಸಿದರೆ ಅಂತರೆಯು ತಾರ ಷಡ್ಜದ ಕಡೆಗೆ ಏರುತ್ತದೆ. ಸ್ಥಾಯಿಯ ಆರಂಭದ ತುಣುಕು, ಮತ್ತೆ ಮತ್ತೆ ಮರಳಿ ಬರುವ ಆ ಎತ್ತುಗಡೆ, ‘ಮುಖಡಾ’. ಭಾಷೆಯು ಬ್ರಜವೋ ಪಂಜಾಬಿಯೋ ಆಗಿರುವುದರಿಂದ ಅರ್ಥವಾಗಲಿಲ್ಲವೆಂದು ಕೊರಗಬೇಕಾದುದಿಲ್ಲ. ಖ್ಯಾಲಿನಲ್ಲಿ ಮಾತು ಸ್ವರಕ್ಕೆ ಆಧಾರವಾಗಿ ನಿಂತಿರುವುದೇ ಹೊರತು ಕಥನಕ್ಕಾಗಿ ಅಲ್ಲ.

ಮುಖಡೆಯು ಬಂದು ಕೂಡುವ ಸ್ಥಳವೇ ‘ಸಮ್’. ಇಡೀ ಪರಿಭಾಷೆಯಲ್ಲಿ ಒಂದೇ ಶಬ್ದವನ್ನು ಕಲಿಯಲು ಮನಸ್ಸಿರುವವರು ಇದನ್ನೇ ಕಲಿಯಲಿ ಎಂಬುದು ನನ್ನ ಸೂಚನೆ. ತಾಳವು ಎಷ್ಟೋ ಮಾತ್ರೆಗಳ ಒಂದು ಆವರ್ತನ. ಅದರ ಮೊದಲ ಮಾತ್ರೆ ಸಮ್. ಕೈತಟ್ಟುವ ಪೆಟ್ಟು ‘ತಾಳಿ’, ಕೈಬೀಸುವ ಪೆಟ್ಟು ‘ಖಾಲಿ’, ತಬಲೆಯವನು ನುಡಿಸುವ ನಿಯತ ಬೋಲುಗಳ ಸರಣಿ ‘ಠೇಕಾ’. ತೀನತಾಳಕ್ಕೆ 16 ಮಾತ್ರೆ, ಒಂದು, ಐದು, ಹದಿಮೂರರ ಮೇಲೆ ತಾಳಿ, ಒಂಬತ್ತರ ಮೇಲೆ ಖಾಲಿ. ಝಪತಾಳಕ್ಕೆ 10, ರೂಪಕಕ್ಕೆ 7, ದಾದ್ರಾಕ್ಕೆ 6, ಝೂಮರಾಕ್ಕೆ 14. ಕಿರಾಣಾದವರಿಗೆ ಪ್ರಿಯವಾದದ್ದು 12 ಮಾತ್ರೆಗಳ ಏಕತಾಳ, ಅದೂ ಅತಿವಿಲಂಬಿತದಲ್ಲಿ, ಎಂದರೆ ತೀರ ನಿಧಾನಗತಿಯಲ್ಲಿ. ಒಂದು ಆವರ್ತನ ಮುಗಿಯಲು ಮುಕ್ಕಾಲು ನಿಮಿಷವೋ ಒಂದು ನಿಮಿಷವೋ ಹಿಡಿಯುವುದರಿಂದ ಹೊಸಬನು ಎಣಿಕೆ ತಪ್ಪಿ ದಿಕ್ಕುಗಾಣದಾಗುತ್ತಾನೆ. ಅಂಥವನು ಮಾತ್ರೆಗಳನ್ನು ಎಣಿಸುವುದನ್ನು ಬಿಟ್ಟು ಬೋಲುಗಳನ್ನು ಆಲಿಸಬೇಕು. ಏಕತಾಳದ ಠೇಕೆಯು ‘ಧಿನ್ ಧಿನ್ ಧಾಗೆ ತಿರಕಿಟ, ತೂ ನಾ ಕತ್ ತಾ, ಧಾಗೆ ತಿರಕಿಟ ಧೀ ನಾ’ ಎಂದು ಸಾಗುತ್ತದೆ. ಇದರಲ್ಲಿ ‘ತಿರಕಿಟ’ ಎಂಬ ಬೋಲು ಎರಡು ಬಾರಿ ಕೇಳುವುದು. ಮೊದಲನೆಯದರ ಬಳಿಕ ‘ತೂ ನಾ’ ಬಂದರೆ ಇನ್ನೂ ಅರ್ಧಕ್ಕಿಂತ ಹೆಚ್ಚಿನ ದಾರಿ ಉಳಿದಿದೆ. ಎರಡನೆಯದರ ಬಳಿಕ ‘ಧೀ ನಾ’ ಬಂದರೆ ಸಮ್ಮು ಬಾಗಿಲಿಗೆ ಬಂದಿದೆ. ಗಾಯಕನು ಆಗಲೇ ಮುಖಡೆಯನ್ನು ಹಿಡಿಯುತ್ತಾನೆ, ತಬಲೆಯವನು ಸಿದ್ಧನಾಗುತ್ತಾನೆ, ಸ್ವರವೂ ಬೋಲೂ ಒಂದೇ ಕ್ಷಣದಲ್ಲಿ ಸಮ್ಮಿನ ಮೇಲೆ ಬಂದು ಇಳಿಯುತ್ತವೆ, ಸಭೆಯ ತಲೆಗಳೆಲ್ಲ ಒಟ್ಟಿಗೆ ತೂಗುತ್ತವೆ. ಎರಡು-ಮೂರು ಆವರ್ತನ ಹೀಗೆ ಕಾದು ಕುಳಿತವನಿಗೆ ಆ ತಲೆದೂಗು ತಾನಾಗಿಯೇ ಬರುತ್ತದೆ. ಅಂದಿನಿಂದ ಅವನು ಖ್ಯಾಲಿನ ಶ್ರೋತೃವೇ ಹೌದು.

ವಿಲಂಬಿತ ಲಯದಲ್ಲಿ ಹಾಡುವುದು ‘ಬಡಾ ಖ್ಯಾಲ್’. ಸ್ಥಾಯಿಯನ್ನು ಹೇಳಿ ಮುಗಿಸಿದ ಮೇಲೆ ಗಾಯಕನು ಆವರ್ತನ ಆವರ್ತನಕ್ಕೂ ರಾಗವನ್ನು ಬೆಳೆಸುತ್ತ ಹೋಗುವುದಕ್ಕೆ ‘ಬಢತ್’ ಎಂದು ಹೆಸರು. ಎರೆಹೊಲದ ಒಕ್ಕಲಿಗನು ಒಂದು ಬದುವಿನಿಂದ ಕುಂಟೆ ಹೂಡಿ, ಒಂದು ಸಾಲನ್ನೂ ಬಿಡದೆ, ಅವಸರವನ್ನೂ ಮಾಡದೆ, ಮತ್ತೊಂದು ಬದುವಿನವರೆಗೆ ನಡೆದು ಹೋಗುವಂತೆ, ಕಿರಾಣಾದ ಗಾಯಕನು ಮಂದ್ರದ ಆಳದಿಂದ ತೊಡಗಿ ಒಂದೊಂದು ಸ್ವರವನ್ನೂ ಪೂರ್ಣವಾಗಿ ಅರಳಿಸಿದ ಹೊರತು ಮುಂದಿನದಕ್ಕೆ ಕಾಲಿಡುವುದಿಲ್ಲ. ಗಾಂಧಾರಕ್ಕೆ ಬಂದನೆಂದರೆ ಷಡ್ಜ, ಋಷಭ, ಗಾಂಧಾರಗಳಿಂದಲೇ ಎಷ್ಟು ಬಗೆಯ ವಾಕ್ಯಗಳನ್ನು ಕಟ್ಟಬಹುದೋ ಅಷ್ಟನ್ನೂ ಕಟ್ಟುತ್ತಾನೆ. ಪಂಚಮದ ಹಂಬಲವನ್ನು ನಮ್ಮಲ್ಲಿ ಹುಟ್ಟಿಸಿ, ಅದನ್ನು ತಡೆದು, ಕಡೆಗೆ ಅಲ್ಲಿಗೆ ಮುಟ್ಟಿಸುತ್ತಾನೆ. ತಾರ ಷಡ್ಜವನ್ನು ಹಚ್ಚಿ ನಿಲ್ಲುವ ಘಳಿಗೆಯು ಬಡಾ ಖ್ಯಾಲಿನ ಶಿಖರ. ಶ್ರೋತೃವು ಆಗಾಗ ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆಯು ಒಂದೇ: ಈಗ ಯಾವ ಸ್ವರದ ಮೇಲೆ ನಿಂತಿದ್ದಾರೆ? ಇದಕ್ಕೆ ಉತ್ತರ ಹೊಳೆಯತೊಡಗಿತೆಂದರೆ, ‘ಒಂದೇ ಸಮನೆ ಆ… ಎನ್ನುತ್ತಾರೆ’ ಎಂಬ ದೂರು ಅಲ್ಲಿಗೆ ನಿಂತಿತು. ಹಾಗೆ ‘ಆ’ ಎಂಬ ಸ್ವರಾಕ್ಷರದಲ್ಲಿ ಹಾಡುವುದು ‘ಆಕಾರ’. ಚೀಜಿನ ಮಾತುಗಳನ್ನೇ ಹಿಡಿದು ವಿಸ್ತರಿಸುವುದು ‘ಬೋಲ್ ಆಲಾಪ’. ಸ್ವರಗಳ ಹೆಸರನ್ನೇ ಉಚ್ಚರಿಸುತ್ತ ಹೋಗುವುದು ‘ಸರಗಮ್’. ಕರ್ನಾಟಕ ಪದ್ಧತಿಯ ಸ್ವರಪ್ರಸ್ತಾರವನ್ನು ಆದರದಿಂದ ಆಲಿಸಿದ ಅಬ್ದುಲ್ ಕರೀಮ್ ಖಾನರಿಂದ (1872–1937) ಕಿರಾಣಾದ ಸರಗಮ್ಮಿಗೆ ವಿಶೇಷ ಮಾಧುರ್ಯ ಬಂದಿತೆಂದು ಸಂಗೀತಜ್ಞರ ಅಭಿಪ್ರಾಯ. ಮೈಸೂರಿನ ಆಸ್ಥಾನಕ್ಕೂ ಮುಂಬಯಿ ಪ್ರಾಂತಕ್ಕೂ ನಡುವೆ ಓಡಾಡುತ್ತ ಹುಬ್ಬಳ್ಳಿ-ಧಾರವಾಡಗಳಲ್ಲಿ ತಂಗುತ್ತಿದ್ದ ಅವರು ಎರಡೂ ಪದ್ಧತಿಗಳ ಸಂಧಿಸ್ಥಳದಲ್ಲಿ ನಿಂತವರು.

ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ಬಗೆಗೂ ಹೆಸರುಗಳಿವೆ. ನಡುವೆ ಎಲ್ಲಿಯೂ ಕಡಿಯದೆ ಜಾರಿ ಹೋಗುವುದು ‘ಮೀಂಡ್’; ಒಂದು ಸ್ವರಕ್ಕೆ ನೆರೆಯ ಸ್ವರದ ಸ್ಪರ್ಶ ಮಾತ್ರ ತಗಲುವುದು ‘ಕಣ’; ಸ್ವರವು ತನ್ನ ಸ್ಥಾನದಲ್ಲಿಯೇ ಮೆಲ್ಲನೆ ತೂಗಾಡುವುದು ‘ಆಂದೋಲನ’, ದರಬಾರಿ ಕಾನಡದ ಗಾಂಧಾರದಲ್ಲಿ ಇದನ್ನು ಕೇಳಬೇಕು; ಎದೆಯಿಂದ ಒತ್ತಿ ಬರುವ ಭಾರವಾದ ಕಂಪನ ‘ಗಮಕ’; ಮೂರು-ನಾಲ್ಕು ಸ್ವರಗಳು ಕ್ಷಣದಲ್ಲಿ ಸುಳಿದು ಹೋಗುವುದು ‘ಮುರ್ಕಿ’, ಅದೇ ತುಸು ಬಲದಿಂದ ಬಂದರೆ ‘ಖಟ್ಕಾ’. ಒಪೇರಾದ ಗಾಯಕರಲ್ಲಿ ದೀರ್ಘಸ್ವರದ ಉದ್ದಕ್ಕೂ ಕೇಳುವ ಸಮನಾದ ಕಂಪನಕ್ಕೆ ವೈಬ್ರಾಟೋ ಎನ್ನುವರು. ಅದು ಕಂಠದ ಸಹಜಕಾಂತಿಯೆಂದು ಅಲ್ಲಿ ಎಣಿಕೆ. ನಮ್ಮಲ್ಲಿ ಸ್ವರವು ಅಲುಗದೆ ನಿಲ್ಲುವುದೇ ಸಾಧನೆಯ ಮೊದಲ ಪರೀಕ್ಷೆ. ಕಂಪನವು ರಾಗವು ಬೇಡಿದಲ್ಲಿ ಮಾತ್ರ ಬರತಕ್ಕದ್ದು.

ಬಢತ್ತಿನ ಬಳಿಕ ಲಯ ಏರುತ್ತದೆ, ‘ತಾನ್’ಗಳು ಬರುತ್ತವೆ. ನೇರವಾಗಿ ಏರಿ ಇಳಿಯುವುದು ಸಪಾಟ ತಾನ್, ಸುತ್ತಿ ಬಳಸಿ ಬರುವುದು ವಕ್ರ ತಾನ್, ಎದೆಯ ಒತ್ತಿನಿಂದ ಗುಡುಗುವುದು ಗಮಕ ತಾನ್, ಮಾತಿನೊಡನೆ ಹೆಣೆದದ್ದು ಬೋಲ್ ತಾನ್. ತರುವಾಯ ದ್ರುತಲಯದ ‘ಛೋಟಾ ಖ್ಯಾಲ್’, ಕೆಲವೊಮ್ಮೆ ‘ನೋಂ’, ‘ತನ’, ‘ದೆರೆ’ ಮೊದಲಾದ ಅಕ್ಷರಗಳಿಂದಲೇ ಕಟ್ಟಿದ ‘ತರಾನಾ’. ಇಲ್ಲಿ ವಿವರಣೆಯ ಅಗತ್ಯ ಕಡಮೆ. ವೇಗವು ತನ್ನನ್ನು ತಾನೇ ತಿಳಿಯಪಡಿಸುತ್ತದೆ. ಹೊಸ ಶ್ರೋತೃಗಳು ತಾನುಗಳಿಗಾಗಿಯೇ ಕಾದಿದ್ದು ಬಢತ್ತನ್ನು ಸಹಿಸಿಕೊಳ್ಳುವುದುಂಟು; ಬೆಲೆಯು ಮಾತ್ರ ಬಢತ್ತಿನದೇ ಹೆಚ್ಚು.

‘ಘರಾಣೆ’ಯೆಂದರೆ ಹಾಡುವ ಕ್ರಮದಲ್ಲಿ ಒಂದು ಮನೆತನ. ಉತ್ತರಪ್ರದೇಶದ ಕೈರಾನಾದಿಂದ ಹೆಸರು ಪಡೆದ ಕಿರಾಣಾದವರು ಸ್ವರಕ್ಕೆ ಪ್ರಾಧಾನ್ಯ ಕೊಟ್ಟರು. ಜಯಪುರ-ಅತ್ರೌಲಿಯವರು ಮಧ್ಯಮ ವಿಲಂಬಿತದಲ್ಲಿ, ಬಹುಶಃ ತೀನತಾಳದಲ್ಲಿ, ಲಯದ ಒಂದೊಂದು ಮಾತ್ರೆಯನ್ನೂ ತುಂಬುತ್ತ, ವಕ್ರವಾದ ತಾನುಗಳನ್ನು ಆಲಾಪದೊಳಗೇ ಹೆಣೆಯುತ್ತ, ಎರಡು ರಾಗಗಳು ಕೂಡಿದ ‘ಜೋಡರಾಗ’ಗಳನ್ನು ಪ್ರೀತಿಸಿದರು. ನೀಲಕಂಠಬುವಾ ಅಲೂರಮಠರಿಂದ ಗ್ವಾಲಿಯರ ಪದ್ಧತಿಯನ್ನು ಕಲಿತು, ಆಮೇಲೆ ಮಂಜಿಖಾನ, ಭೂರ್ಜಿಖಾನರಿಂದ ಜಯಪುರದ ವಿದ್ಯೆಯನ್ನು ಪಡೆದ ಮನಸೂರರ ಗಾಯನವನ್ನು ಗಂಗೂಬಾಯಿಯವರದರ ಪಕ್ಕದಲ್ಲಿಟ್ಟು ಕೇಳಿದರೆ, ಒಂದೇ ಜಿಲ್ಲೆಯ ನೀರು ಕುಡಿದ ಎರಡು ಕಂಠಗಳಲ್ಲಿ ಘರಾಣೆಯ ಅಂತರವು ಎಷ್ಟೆಂಬುದು ಮನವರಿಕೆಯಾಗುವುದು.

ಒಪೇರಾದ ಮಾತು ಬಂದುದರಿಂದ ನಾಟ್ಯಸಂಗೀತದ ವಿಷಯವನ್ನು ಹೇಳದೆ ಮುಂದುವರಿಯಲಾಗದು. ಇಟಲಿಯ ಮಾಂಟುವಾ ನಗರದಲ್ಲಿ 1607ರಲ್ಲಿ ಪ್ರಯೋಗವಾದ ಮಾಂಟೆವರ್ಡಿಯ ‘ಓರ್ಫೆಯೊ’ ಇಂದಿಗೂ ರಂಗದ ಮೇಲೆ ಉಳಿದಿರುವ ಅತಿ ಪ್ರಾಚೀನ ಒಪೇರಾಗಳಲ್ಲೊಂದು. ಅಲ್ಲಿ ಸಾಹಿತ್ಯಕ್ಕೆ ಲಿಬ್ರೆಟ್ಟೋ, ವಾದ್ಯಮೇಳದ ನಾಂದಿಗೆ ಓವರ್ಚರ್, ಕಥೆಯನ್ನು ಮುಂದಕ್ಕೊಯ್ಯುವ ಮಾತಿನಂಥ ಹಾಡಿಕೆಗೆ ರೆಸಿಟೇಟಿವ್, ಭಾವವು ಉಕ್ಕಿ ಪಾತ್ರವು ನಿಂತು ಹಾಡುವ ಪೂರ್ಣಗೀತಕ್ಕೆ ಆರಿಯಾ, ತಾನಿನಂಥ ವೇಗದ ಸ್ವರವಿಲಾಸಕ್ಕೆ ಕಲರಟೂರಾ. ನಮ್ಮಲ್ಲಿ ಇದಕ್ಕೆ ಸಮೀಪವಾದುದು ಸಂಗೀತ ನಾಟಕ. ಅದನ್ನು ಪುಣೆಯಲ್ಲಿ 1880ರ ‘ಶಾಕುಂತಲ’ದಿಂದ ನೆಲೆಗೊಳಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು, ಗದುಗಿನ ಶಾಂತಕವಿಗಳಿಂದ ಗರೂಡ ಸದಾಶಿವರಾಯರವರೆಗೆ ಕನ್ನಡದ ಕಂಪನಿ ರಂಗಭೂಮಿಯು ಹಾಡಿನ ಬಲದಿಂದಲೇ ಬಾಳಿತು, ಪು. ತಿ. ನರಸಿಂಹಾಚಾರ್ಯರು ‘ಗೋಕುಲ ನಿರ್ಗಮನ’ದಂಥ ಗೀತನಾಟಕಗಳನ್ನು ಬರೆದರು. ಸವಾಯಿ ಗಂಧರ್ವರಾದರೋ ಮರಾಠಿ ನಾಟಕಗಳಲ್ಲಿ ಸ್ತ್ರೀಪಾತ್ರಗಳನ್ನು ವಹಿಸಿ, ಆ ರಂಗಭೂಮಿಯ ಹೆಸರಾಂತ ನಟ ಬಾಲಗಂಧರ್ವರಿಗಿಂತ ಕಾಲುಪಾಲು ಮಿಗಿಲು, ಎಂದರೆ ‘ಸವಾಯಿ’, ಎಂಬ ಮೆಚ್ಚುಗೆಯಿಂದಲೇ ಆ ಬಿರುದನ್ನು ಪಡೆದರು. ಮನಸೂರರೂ ಬಾಲ್ಯದಲ್ಲಿ ವಾಮನರಾವ್ ಮಾಸ್ತರರ ಕಂಪನಿಯಲ್ಲಿ ಬಣ್ಣ ಹಚ್ಚಿದವರೇ. ಲೆಗ್ ಹಾರ್ಮೋನಿಯಂ, ರಂಗಗೀತೆ, ‘ವನ್ಸ್ ಮೋರ್’ ಎಂಬ ಸಭೆಯ ಕೂಗು, ಇವೆಲ್ಲ ಆ ಯುಗದ ಶಬ್ದಗಳು. ಭೇದವೇನೆಂದರೆ, ಒಪೇರಾದಲ್ಲಿ ಆರಿಯಾದ ಒಂದೊಂದು ಸ್ವರವನ್ನೂ ರಚನಕಾರನು ಬರೆದಿಟ್ಟಿದ್ದಾನೆ. ನಾಟ್ಯಗೀತೆಯಲ್ಲಿ ಧಾಟಿಯನ್ನು ಮಾತ್ರ ಕೊಟ್ಟು ವಿಸ್ತಾರವನ್ನು ನಟನ ಪ್ರತಿಭೆಗೆ ಬಿಟ್ಟಿದೆ. ‘ವನ್ಸ್ ಮೋರ್’ ಬಿದ್ದಾಗ ಅದೇ ಪದವು ಎರಡನೆಯ ಬಾರಿ ಬೇರೆಯೇ ಆಗಿ ಬರುವ ಸಂಭವವಿತ್ತು.

ಖ್ಯಾಲುಗಳ ಬಳಿಕ ಬೈಠಕ್ಕು ಹಗುರವಾಗುತ್ತದೆ: ಮಾತಿನ ಭಾವವನ್ನೇ ಬಗೆಬಗೆಯಾಗಿ ಬಣ್ಣಿಸುವ ಠುಮ್ರಿ, ನಾಟ್ಯಗೀತೆ, ದಾಸರ ಪದ. ಧಾರವಾಡದ ಗವಾಯಿಗಳು ಇವಕ್ಕೆ ವಚನಗಾಯನವನ್ನು ಸೇರಿಸಿದರು. ಮನಸೂರ, ರಾಜಗುರುಗಳ ಬೈಠಕ್ಕುಗಳಲ್ಲಿ ವಚನವನ್ನು ಕೇಳಲೆಂದೇ ಬಂದು, ಬಂದ ಕಾರಣದಿಂದ ಖ್ಯಾಲನ್ನೂ ಕೇಳಿ, ಅದರ ರುಚಿ ಹತ್ತಿಸಿಕೊಂಡ ಹಳ್ಳಿಗರು ಎಷ್ಟೋ ಮಂದಿ. ಭೈರವಿಯನ್ನು ಎತ್ತಿಕೊಂಡರೆಂದರೆ ಸಭೆ ಮುಗಿಯಿತೆಂದು ತಿಳಿಯಬೇಕು. ಆ ನಡುವೆ ಎದ್ದು ಹೋಗುವುದು ಮರ್ಯಾದೆಯಲ್ಲ.

ಮೆಚ್ಚುಗೆಗೂ ಒಂದು ರೀತಿಯಿದೆ. ಮಾರ್ಮಿಕವಾದ ಜಾಗಕ್ಕೆ ಮೆಲುದನಿಯಲ್ಲಿ ‘ವಾಹ್’, ‘ಕ್ಯಾ ಬಾತ್ ಹೈ’, ‘ಭಲೆ’. ಚಪ್ಪಾಳೆಯು ಖ್ಯಾಲು ಮುಗಿದ ಮೇಲೆ. ವಿಲಂಬಿತದ ನಡುವೆ ತಬಲೆಯ ಒಂದು ಚುರುಕಾದ ತುಣುಕಿಗೆ ಚಪ್ಪಾಳೆ ತಟ್ಟಿದರೆ ಗಾಯಕನ ಧ್ಯಾನಕ್ಕೆ ಭಂಗ ಬರುವುದು. ಪೇಟಿ, ತಬಲೆ, ಸಾರಂಗಿ ನುಡಿಸುವವರನ್ನು ‘ಸಾಥೀದಾರ’ರೆಂದು ಕರೆಯುವರು, ಅವರ ಹೆಸರನ್ನೂ ತಿಳಿದುಕೊಂಡು ಹೋಗುವುದು ಶ್ರೋತೃವಿನ ಧರ್ಮ.

ಮನೆಯ ಅಭ್ಯಾಸಕ್ಕೆ ಹೆಚ್ಚಿನ ಸಾಮಗ್ರಿ ಬೇಕಿಲ್ಲ. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯು ಈ ಸೀಮೆಯ ಎರಡು-ಮೂರು ತಲೆಮಾರಿಗೆ ಹಿಂದೂಸ್ತಾನಿ ಗಾಯನವನ್ನು ಮನೆಬಾಗಿಲಿಗೆ ತಂದುಕೊಟ್ಟಿತು. ಇಂದು ಮೊಬೈಲಿನಲ್ಲಿಯೂ ಹಳೆಯ ಧ್ವನಿಮುದ್ರಿಕೆಗಳು ಸಿಕ್ಕುತ್ತವೆ. ಮೊದಲು ಅಬ್ದುಲ್ ಕರೀಮ್ ಖಾನರ ಮತ್ತು ಸವಾಯಿ ಗಂಧರ್ವರ ಚಿಕ್ಕ ಮುದ್ರಿಕೆಗಳನ್ನು ಕೇಳಿರಿ. ಆ ಕಾಲದ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಮೂರು-ಮೂರೂವರೆ ನಿಮಿಷ ಮಾತ್ರವಾದ್ದರಿಂದ, ಅವುಗಳಲ್ಲಿ ಸ್ಥಾಯಿ, ಅಂತರಾ, ತಾನುಗಳೆಲ್ಲ ಒತ್ತೊತ್ತಾಗಿ ಬಂದು ಹೊಸಬರಿಗೆ ಒಳ್ಳೆಯ ಪಾಠವಾಗುತ್ತವೆ. ಆಮೇಲೆ ಭೀಮಸೇನರ ಒಂದು ದೀರ್ಘ ಪೂರಿಯಾ, ಗಂಗೂಬಾಯಿಯವರ ಒಂದು ಮುಲ್ತಾನಿ. ಒಂದು ರಾಗವನ್ನು ಹತ್ತು ಬಾರಿ ಕೇಳುವುದು ಹತ್ತು ರಾಗಗಳನ್ನು ಒಂದೊಂದು ಬಾರಿ ಕೇಳುವುದಕ್ಕಿಂತ ಶ್ರೇಯಸ್ಕರ. ಗಂಗೂಬಾಯಿಯವರು ದಿನದ ಕೆಲಸ ಮುಗಿಸಿ ಸಂಜೆಯ ರೈಲಿನಲ್ಲಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಹೋಗಿ, ಗುರುಗಳು ಕೊಟ್ಟ ಒಂದೇ ಪಲುಕನ್ನು ಮತ್ತೆ ಮತ್ತೆ ತಿದ್ದಿಕೊಂಡು ರಾತ್ರಿ ಮನೆಗೆ ಮರಳುತ್ತಿದ್ದರು.

ಸವಾಯಿ ಗಂಧರ್ವರು 1952ರ ಸೆಪ್ಟೆಂಬರ 12ರಂದು ಪುಣೆಯಲ್ಲಿ ತೀರಿಕೊಂಡರು. ಮರುವರ್ಷದಿಂದ ಪುಣೆಯಲ್ಲಿ ಅವರ ಹೆಸರಿನ ಸಂಗೀತೋತ್ಸವವು ಪ್ರಾರಂಭವಾಗಿ ಮಹೋತ್ಸವವಾಗಿ ಬೆಳೆಯಿತು. ಅವರಿಗೆ ಆಶ್ರಯವಿತ್ತ ಕುಂದಗೋಳದ ನಾಡಿಗೇರ ವಾಡೆಯಲ್ಲಿಯೂ ಅವರ ಪುಣ್ಯಸ್ಮರಣೆಯ ಬೈಠಕ್ಕುಗಳು ನಡೆಯುತ್ತ ಬಂದಿವೆ. ನವಲಗುಂದ, ಅಣ್ಣಿಗೇರಿ, ಕಲಘಟಗಿಯವರಿಗೆ ಅದು ಅರ್ಧದಿನದ ದಾರಿಯೂ ಅಲ್ಲ. ಹೋಗುವಾಗ ಮಕ್ಕಳನ್ನೂ ಕರೆದೊಯ್ಯಿರಿ. ತಂಬೂರಿ ಕೂಡಿಸುವ ಮೊದಲೇ ಹೋಗಿ, ತಬಲೆಯವರ ಎರಡೂ ಕೈಗಳು ಚೆನ್ನಾಗಿ ಕಾಣುವಂಥ ಸ್ಥಳದಲ್ಲಿ ಅವರನ್ನು ಕುಳ್ಳಿರಿಸಿ, ಎರಡನೆಯ ‘ತಿರಕಿಟ’ವನ್ನು ಗುರುತಿಸಲು ಹೇಳಿಕೊಡಿರಿ.